ಗೋಡೆಗಿಲ್ಲದ ನಾಚಿಕೆ ಮಾಸ್ತರರಿಗೆ

ಕಲಬುರಗಿಯಿಂದ ಯಾವ ತಾಲ್ಲೂಕಿನ ಬಸ್ಸು ಹತ್ತಿದರೂ ಸರಿ, ಕಿಟಕಿಯ ಪಕ್ಕ ಕುಳಿತ ಹುಡುಗನಿಗೆ ಲೈಂಗಿಕ ಶಿಕ್ಷಣವು ಕನ್ನಡ, ಹಿಂದಿ, ಉರ್ದು ಮೂರೂ ಭಾಷೆಗಳಲ್ಲಿ ಪುಕ್ಕಟೆಯಾಗಿ ದೊರೆಯುತ್ತದೆ. ಗುಪ್ತರೋಗ, ಧಾತು ದೌರ್ಬಲ್ಯ, ಶೀಘ್ರಪತನಗಳಿಗೆ ಗ್ಯಾರಂಟಿ ಇಲಾಜು ಮಾಡುವ ಮಹನೀಯರು ತಿಂಗಳ ಇಂಥ ದಿನ ಇಂಥ ಲಾಡ್ಜಿನಲ್ಲಿ ಇರುತ್ತಾರೆಂಬುದನ್ನು ಸೇತುವೆಯ ಕಟ್ಟೆ, ಪಾಳು ಗೋದಾಮು, ಒಮ್ಮೊಮ್ಮೆ ಶಾಲೆಯ ಕಾಂಪೌಂಡು ಕೂಡ ಮೊಳದುದ್ದದ ಅಕ್ಷರಗಳಲ್ಲಿ ಸಾರುತ್ತವೆ. ಇಂಥ ಜಾಹೀರಾತುಗಳನ್ನು ಕೇಂದ್ರ ಸರ್ಕಾರದ ಕಾಯ್ದೆಯೊಂದು 1954ರಲ್ಲೇ ನಿಷೇಧಿಸಿದೆ. ಕಾಯ್ದೆಗೆ ಎಪ್ಪತ್ತು ದಾಟಿತು. ಈ ವಯಸ್ಸಿನಲ್ಲಿ ಅದಕ್ಕೆ ಗೋಡೆಯ ಬರಹ ಕಾಣದಿದ್ದರೆ ದೂರುವಂತಿಲ್ಲ.

ಅದೇ ಕಾಂಪೌಂಡಿನ ಒಳಗೆ, ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ, ಸರ್ಕಾರವೇ ಮುದ್ರಿಸಿದ ಸಂತಾನೋತ್ಪತ್ತಿಯ ಅಧ್ಯಾಯವಿದೆ. ಅಮೀಬಾ ಎರಡಾಗಿ ಒಡೆಯುವುದನ್ನು ಮಾಸ್ತರರು ಎದೆಯುಬ್ಬಿಸಿ ವಿವರಿಸುತ್ತಾರೆ. ಹೈಡ್ರಾದ ಮೈಮೇಲೆ ಮೊಗ್ಗು ಮೂಡಿಸುತ್ತಾರೆ, ದಾಸವಾಳವನ್ನು ಎಸಳೆಸಳಾಗಿ ಬಿಡಿಸಿ ಪರಾಗಸ್ಪರ್ಶವನ್ನೂ ಮಾಡಿಸುತ್ತಾರೆ. ಮನುಷ್ಯನ ಸರದಿ ಬಂದ ಕೂಡಲೇ ಅವರಿಗೆ ಸಿಲೆಬಸ್ ಮುಗಿಸುವ ಅವಸರ ನೆನಪಾಗಿ, "ಇದನ್ನ ಮನ್ಯಾಗ ಓದ್ಕೋರಿ" ಎಂಬ ಅಪ್ಪಣೆಯಾಗುತ್ತದೆ. ಕಾಂಡೋಮ್, ಗೊನೋರಿಯಾ, ಸಿಫಿಲಿಸ್, ಎಚ್‌ಐವಿ ಎಲ್ಲವೂ ಆ ಕೊನೆಯ ಪುಟಗಳಲ್ಲಿಯೇ ಇವೆ. ಹಿಂದಿನ ಬೆಂಚಿನಿಂದ "ಪರೀಕ್ಷಾಕ್ಕ ಬರ್ತದೇನ್ರಿ ಸರ್?" ಎಂದು ಯಾರಾದರೂ ಕೇಳಿದರೆ ಅವನ ನಡತೆಯ ಬಗ್ಗೆ ಸಿಬ್ಬಂದಿ ಕೊಠಡಿಯಲ್ಲಿ ಚರ್ಚೆಯಾಗುತ್ತದೆ. ಡಿಸೆಂಬರ್ 1ರಂದು ಇವೇ ಮಕ್ಕಳು ಬಿಸಿಲಲ್ಲಿ ಜಾಥಾ ಹೊರಟು ಏಡ್ಸ್ ತಡೆಯಿರಿ ಎಂದು ಕೂಗಬೇಕು. ಹೇಗೆ ತಡೆಯಬೇಕೆಂಬುದು ಬ್ಯಾನರಿನಲ್ಲಿ ಇರುವುದಿಲ್ಲ, ಅತಿಥಿಗಳ ಹೆಸರಿಗೇ ಜಾಗ ಸಾಲದು.

ಈ ಮೌನಕ್ಕೆ ಸರ್ಕಾರಿ ಮುದ್ರೆಯೂ ಬಿದ್ದದ್ದುಂಟು. ಕೇಂದ್ರದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು 2007ರಲ್ಲಿ ಬದಿಗಿಟ್ಟ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೂ ಇತ್ತು. ಮಕ್ಕಳು ಚಿಕ್ಕವರು, ಇದೆಲ್ಲ ಈಗಲೇ ಬೇಡ ಎನ್ನುವ ಹಿರಿಯರ ಕಳಕಳಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ 20ರಿಂದ 24ರ ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ನಮ್ಮ ಭಾಗದಲ್ಲಂತೂ ಅಕ್ಷಯ ತೃತೀಯ ಸಮೀಪಿಸಿದರೆ ಅಧಿಕಾರಿಗಳಿಗೆ ಹಂದರ ಕಾಯುವುದೇ ಕೆಲಸ. ಹದಿನಾರರ ಹುಡುಗಿ ಗರ್ಭನಿರೋಧದ ಪಾಠ ಕೇಳಲು ಚಿಕ್ಕವಳು, ತೊಟ್ಟಿಲು ತೂಗಲು ದೊಡ್ಡವಳು ಎಂಬ ಈ ಗಣಿತವನ್ನು ಯಾವ ಶಾಲೆಯಲ್ಲಿ ಕಲಿಸುತ್ತಾರೋ ತಿಳಿಯದು. ಬಹುಶಃ ಅದನ್ನೂ ಮನೆಯಲ್ಲಿಯೇ ಓದಿಕೊಳ್ಳಬೇಕೇನೋ.

ಹಾಗೆಂದು ಸರ್ಕಾರ ಕೈಕಟ್ಟಿ ಕುಳಿತಿಲ್ಲ. 10ರಿಂದ 19 ವರ್ಷದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ, ಎಚ್‌ಐವಿಯ ಉಚಿತ ಪರೀಕ್ಷೆಗೆ ಆಪ್ತ ಸಮಾಲೋಚನಾ ಕೇಂದ್ರಗಳಿವೆ, ಫೋನಿನಲ್ಲೇ ಕೇಳುವುದಾದರೆ 1097 ಇದೆ. ಸ್ವಪ್ನಸ್ಖಲನ ರೋಗವೇ ಅಲ್ಲ, ಆರಂಭದ ಸಿಫಿಲಿಸ್ ಪೆನಿಸಿಲಿನ್ ಚುಚ್ಚುಮದ್ದಿಗೆ ಬಗ್ಗುತ್ತದೆ ಎಂಬಷ್ಟನ್ನು ಅಲ್ಲಿ ಯಾರಾದರೂ ಹೇಳಿದರೆ ಲಾಡ್ಜಿನ ಮಹನೀಯರ ಅರ್ಧ ವ್ಯಾಪಾರ ಅಂದೇ ಮುಗಿಯುತ್ತದೆ. ತೊಡಕಿರುವುದು ಬಾಗಿಲಲ್ಲಿ. ಚೀಟಿ ಬರೆಯುವ ಕಿಟಕಿಯ ಮುಂದೆ ನಿಂತ ಹುಡುಗನಿಗೆ, ಹಿಂದೆ ಸಾಲಿನಲ್ಲಿ ಅವನ ಓಣಿಯ ಕಾಕಾ, ಚಿಗವ್ವ ನಿಂತಿರುವಾಗಲೇ, "ಏನಾಗ್ಯಾದೋ ತಮ್ಮಾ, ಜೋರಾಗಿ ಹೇಳು" ಎಂಬ ಪ್ರಶ್ನೆ ಎದುರಾಗುತ್ತದೆ. ಅವನು ಜ್ವರ ಎಂದು ಹೇಳಿ, ಪ್ಯಾರಾಸಿಟಮಾಲ್ ಪಡೆದು, ನೇರವಾಗಿ ಲಾಡ್ಜಿಗೆ ನಡೆಯುತ್ತಾನೆ. ಅಲ್ಲಿನ ವೈದ್ಯರು ದುಬಾರಿಯಾದರೂ ಮೆಲ್ಲಗೆ ಮಾತನಾಡುತ್ತಾರೆ, ನಿಮ್ಮಪ್ಪ ಯಾರೆಂದು ಕೇಳುವುದಿಲ್ಲ.