ಸಣ್ಣ ಕಾರು, ಹಿಂದೊಂದು ಟ್ರೇಲರ್

ಅಡಿಕೆ ತೋಟದವರಲ್ಲಿ ಈಗ ಹೊಸ ಆಸೆಯೊಂದು ಹುಟ್ಟಿದೆ. ಇರುವ ಸಣ್ಣ ಕಾರಿಗೇ ಹುಕ್ಕು ಹಾಕಿಸಿ ಹಿಂದೊಂದು ಪುಟ್ಟ ಟ್ರೇಲರ್ ಕಟ್ಟಿಕೊಂಡರೆ ಹಿಂಡಿ, ಗೊಬ್ಬರ, ಔಷಧಿ ಡ್ರಮ್ಮು ಎಲ್ಲ ಸಾಗುತ್ತದಲ್ವಾ ಅಂತ. ಆಸೆ ತಪ್ಪಲ್ಲ. ಪ್ರತಿ ಸಲ ಪಿಕಪ್ ಕರೆಸಿದರೆ ಬಾಡಿಗೆ ಕೊಟ್ಟು ಪೂರೈಸುವುದಿಲ್ಲ. ಆದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, "ಎಳೆಯುತ್ತಾ?" ಎಳೆಯುತ್ತೆ ಮಾರಾಯ್ರೆ. ನಿಲ್ಲುತ್ತಾ ಅಂತ ಯಾರೂ ಕೇಳುವುದಿಲ್ಲ.

ಲೆಕ್ಕ ಹಾಕಿ ನೋಡಿ. ಚಿಕ್ಕ ಹ್ಯಾಚ್‌ಬ್ಯಾಕ್ ಕಾರು 800–900 ಕೆಜಿ ತೂಗುತ್ತದೆ. ಟ್ರೇಲರಿನ ಕಬ್ಬಿಣವೇ 150 ಕೆಜಿ ಅಂದುಕೊಳ್ಳಿ. ಮೇಲೆ 50 ಕೆಜಿಯ ಆರು ಚೀಲ ಹಿಂಡಿ ಹೇರಿದರೆ 450 ಆಯ್ತು. ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ ಟ್ರೇಲರಿಗೆ ಬ್ರೇಕ್ ಇರುವುದು ಅಪರೂಪ. ಹಾಗಾಗಿ ಅಷ್ಟೂ ತೂಕವನ್ನು ಕಾರಿನ ಬ್ರೇಕೇ ಹಿಡಿಯಬೇಕು. ಬ್ರಿಟನ್ನಿನಲ್ಲಿ ಬ್ರೇಕ್ ಇಲ್ಲದ ಟ್ರೇಲರ್ ಹೇರು ಸಮೇತ 750 ಕೆಜಿ ಅಥವಾ ಖಾಲಿ ಕಾರಿನ ತೂಕದ ಅರ್ಧ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. ನಮ್ಮ ಏರು ಇಳಿಜಾರಿಗೆ, ಮಳೆಗೆ, ಕಾರಿನ ತೂಕದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೇಡ ಅನ್ನುತ್ತೇನೆ. ಅದೂ ಕಾರಿನ ಜೊತೆ ಬಂದ ಪುಸ್ತಕ ಒಪ್ಪಿದರೆ ಮಾತ್ರ. ಟ್ರೇಲರ್ ಎಳೆಯಬೇಡಿ ಅಂತ ಅದರಲ್ಲಿ ಬರೆದಿದ್ದರೆ ಮುಂದಕ್ಕೆ ಓದುವುದೇ ಬೇಡ, ಪಿಕಪ್‌ನವರಿಗೆ ಫೋನ್ ಮಾಡಿ.

ಇನ್ನು ಹೇರುವ ವಿಷಯ. ಇಲ್ಲೇ ಎಲ್ಲ ಇರುವುದು. ಭಾರ ಟ್ರೇಲರಿನ ಚಕ್ರದ ಆಕ್ಸಲ್‌ಗಿಂತ ಹಿಂದೆ ಬಿದ್ದರೆ ಟ್ರೇಲರಿನ ಮೂತಿ ಮೇಲೇಳುತ್ತದೆ, ಕಾರಿನ ಹಿಂಭಾಗವನ್ನೂ ಎತ್ತುತ್ತದೆ. ಸ್ವಲ್ಪ ಸ್ಪೀಡ್ ಬಂದರೆ ಸಾಕು, ಅತ್ತಿತ್ತ ಬೀಸತೊಡಗುತ್ತದೆ. ಆಗ ಗಾಬರಿಯಾಗಿ ಬ್ರೇಕ್ ಒತ್ತಿದರೆ ಕೆಲಸ ಕೆಟ್ಟಿತು. ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ನೇರ ಹಿಡಿದು, ತಾನಾಗಿ ನಿಧಾನವಾಗಲು ಬಿಡಬೇಕು. ಹಾಗಂತ ಪೂರ್ತಿ ಮುಂದಕ್ಕೆ ಹೇರಿದರೂ ಕಷ್ಟ. ಇಂದಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವನ್ನು ಎಳೆಯುವುದು ಮುಂದಿನ ಚಕ್ರಗಳು. ಕಾರಿನ ಹಿಂಭಾಗದ ಮೇಲೆ ಭಾರ ಕೂತರೆ ಮುಂಭಾಗ ಹಗುರಾಗುತ್ತದೆ. ಮನೆ ಹತ್ತಿರದ ಒದ್ದೆ ಮಣ್ಣಿನ ಏರಿನಲ್ಲಿ ಚಕ್ರ ಸುಮ್ನೆ ತಿರುಗುತ್ತಾ ಕೂರುತ್ತದೆ.

ಹೇರು ಸಮೇತ ಟ್ರೇಲರಿನ ಒಟ್ಟು ತೂಕದ ಹತ್ತರಲ್ಲೊಂದು ಭಾಗ ಹುಕ್ಕಿನ ಮೇಲೆ ಇರಬೇಕು ಅನ್ನುವುದು ಸಾಮಾನ್ಯ ಲೆಕ್ಕ. 250 ಕೆಜಿಗೆ 25. ಇದನ್ನು ಅಳೆಯುವುದು ಸುಲಭ. ಮನೆಯಲ್ಲಿ ನಾವು ಹತ್ತಿ ನಿಲ್ಲುವ ತೂಕದ ಮೆಷಿನ್ ತನ್ನಿ. ಹೇರಿದ ಟ್ರೇಲರನ್ನು ಸಮ ಅಂಗಳದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಮೆಷಿನ್ ಮೇಲೆ ಒಂದು ಮರದ ತುಂಡಿಟ್ಟು ಮೂತಿಯನ್ನು ಅದರ ಮೇಲೆ ಇಳಿಸಿ. ಕಾರಿನ ಹುಕ್ಕಿನ ಎತ್ತರಕ್ಕೇ ಬರಬೇಕು. ಕಡಿಮೆ ತೋರಿಸಿದರೆ ಒಂದು ಚೀಲ ಮುಂದಕ್ಕೆ ಎಳೆಯಿರಿ. ಅಷ್ಟೇ.

ನೀರಿನ ಡ್ರಮ್ ಮಾತ್ರ ದಯವಿಟ್ಟು ಬೇಡ. 200 ಲೀಟರ್ ಡ್ರಮ್ ಅರ್ಧ ತುಂಬಿದ್ದರೆ ತುಂಬಿದ್ದಕ್ಕಿಂತ ಕೆಟ್ಟದ್ದು. ಬ್ರೇಕ್ ಹಾಕಿದಾಗ ನೀರು ಮುಂದಕ್ಕೆ ನುಗ್ಗುತ್ತದೆ, ತಿರುವಿನಲ್ಲಿ ಪಕ್ಕಕ್ಕೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಗೆ ನೂರು ಲೀಟರ್ ನೀರಿಗೆ ಬೇಕಾಗುವುದು ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಅವೆರಡನ್ನೇ ಒಯ್ದು ತೋಟದಲ್ಲೇ ಕಲಸಿಕೊಳ್ಳಿ. ಮಳೆಗಾಲದಲ್ಲಿ ತೋಟದ ಪಕ್ಕದಲ್ಲೇ ಹಳ್ಳ ಹರಿಯುತ್ತಿರುವಾಗ ನೂರು ಕೆಜಿ ನೀರನ್ನು ಮನೆಯಿಂದ ಎಳೆದುಕೊಂಡು ಹೋಗುವುದು ಯಾವ ಸುಖಕ್ಕೆ?

ಹುಕ್ಕನ್ನು ಬಂಪರಿಗೋ ಡಿಕ್ಕಿಯ ತಗಡಿಗೋ ವೆಲ್ಡ್ ಮಾಡಿಸಬೇಡಿ. ತಳದ ಗಟ್ಟಿ ಭಾಗಕ್ಕೆ ಬೋಲ್ಟ್ ಹಾಕಿಯೇ ಕೂರಿಸಬೇಕು. ಕಾರಿನ ಜೊತೆ ಬರುವ ತಿರುಗಿಸಿ ಹಾಕುವ ಕೊಂಡಿ ಇದೆಯಲ್ಲ, ಅದು ಕೆಸರಲ್ಲಿ ಹೂತ ಕಾರನ್ನು ಎಳೆಯುವುದಕ್ಕೆ, ಟ್ರೇಲರಿಗಲ್ಲ. ಮೂತಿಯ ಕೆಳಗೆ ಎರಡು ಸರಪಳಿ ಅಡ್ಡಡ್ಡ ಹಾಕಿ. ಹುಕ್ಕು ಕಳಚಿಕೊಂಡರೂ ಮೂತಿ ರಸ್ತೆಗೆ ಕುತ್ತುವುದಿಲ್ಲ. ಬ್ರೇಕ್ ಲೈಟು, ಇಂಡಿಕೇಟರು ಟ್ರೇಲರಿಗೂ ಬೇಕು. ಕಾನೂನಿನಲ್ಲಿ ಟ್ರೇಲರ್ ಬೇರೆಯೇ ವಾಹನ, ರಿಜಿಸ್ಟ್ರೇಷನ್ ಅದಕ್ಕೂ ಆಗಬೇಕು. ಯಾರು ಕೇಳ್ತಾರೆ ಅನ್ನುವವರಿಗೆ ಉತ್ತರ: ಗುದ್ದಿದ ದಿನ ಇನ್ಶೂರೆನ್ಸ್‌ನವರು ಕೇಳುತ್ತಾರೆ.

ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುವ ಚಾಳಿ ನಮ್ಮಲ್ಲಿ ತುಂಬಾ ಜನಕ್ಕಿದೆ. ಟ್ರೇಲರ್ ಇದ್ದಾಗ ಹಾಗೆ ಮಾಡಿದರೆ ಅರ್ಧ ದಾರಿಗೇ ಬ್ರೇಕ್ ಕಾದು ಕಮಟು ವಾಸನೆ ಬರುತ್ತದೆ. ಆಮೇಲೆ ಪೆಡಲ್ ಒತ್ತಿದರೂ ಹಿಡಿಯುವುದಿಲ್ಲ. ಇಳಿಜಾರು ಶುರುವಾಗುವ ಮೊದಲೇ ಸೆಕೆಂಡ್ ಗೇರಿಗೆ ಬನ್ನಿ. ಆಗುಂಬೆಯ 14 ತಿರುವುಗಳಂಥ ಜಾಗದಲ್ಲಿ ಇನ್ನೊಂದು ತಾಪತ್ರಯ. ಕಾರು ಹೋದ ದಾರಿಯಲ್ಲೇ ಟ್ರೇಲರ್ ಬರುವುದಿಲ್ಲ, ಒಳಗಿನಿಂದ ಕತ್ತರಿಸಿಕೊಂಡು ಬರುತ್ತದೆ. ಒಳಗಡೆ ಚರಂಡಿ, ಹೊರಗಡೆ ಎದುರಿನ ಬಸ್ಸು. ಆದ್ದರಿಂದ ಸೊಸೈಟಿಯಿಂದ ಮನೆಗೆ, ಮನೆಯಿಂದ ತೋಟಕ್ಕೆ ಟ್ರೇಲರ್ ಸರಿ. ಘಾಟಿ ದಾಟುವುದಿದ್ದರೆ ಬಾಡಿಗೆ ಗಾಡಿಯೇ ಸರಿ.

ರಿವರ್ಸ್ ಬಗ್ಗೆ ಏನೂ ಬರೆಯಲು ಹೋಗುವುದಿಲ್ಲ. ಪುಟ್ಟ ಟ್ರೇಲರ್ ಉದ್ದದ್ದಕ್ಕಿಂತ ಬೇಗ ಮಡಚಿಕೊಳ್ಳುತ್ತದೆ. ಓಣಿಯಲ್ಲಿ ಎದುರಿಗೆ ಗಾಡಿ ಬಂದರೆ ಇಳಿದು, ಕಳಚಿ, ಕೈಯಲ್ಲೇ ತಳ್ಳುವುದು ವಾಸಿ. ನಮ್ಮ ಕಡೆ ಯಾರಾದರೂ ಬ್ರೇಕ್ ಇರುವ ಸಣ್ಣ ಟ್ರೇಲರ್ ಮಾಡಿಸಿದ್ದರೆ ತಿಳಿಸಿ, ನೋಡಲು ಬರುತ್ತೇನೆ.