ಬೆಣ್ಣೆ, ಖಾಲಿ ಮತ್ತು ಅಮೆಜಾನ್ ನದಿ

ನಮ್ಮ ಮನೆಯ ಮೀನಿನ ತೊಟ್ಟಿ ಎಂಟು ವರ್ಷ ಚೆನ್ನಾಗಿಯೇ ಇತ್ತು. ಕೆಟ್ಟಿದ್ದು ನಾನು ಅದರ ಬಗ್ಗೆ ಓದಲು ಶುರು ಮಾಡಿದ ಮೇಲೆ.

ದೊಡ್ಡ ತೊಟ್ಟಿಯೇನಲ್ಲ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಕಂಠಪೂರ್ತಿ ತುಂಬಿದರೂ 56 ಲೀಟರ್. ಅದರಲ್ಲಿ ಎರಡು ಗೋಲ್ಡ್‌ಫಿಶ್. ಹೆಸರಿಟ್ಟವಳು ಮಗಳು, ಆಗ ಅವಳಿಗೆ ಐದು ವರ್ಷ. ದುಂಡಗೆ ಹೊಂಬಣ್ಣಕ್ಕಿದ್ದದ್ದು ಬೆಣ್ಣೆ, ಬೆಳ್ಳಗೆ ಪೇಲವವಾಗಿದ್ದದ್ದು ಖಾಲಿ. ದಾವಣಗೆರೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹೊರಗಿನವರಿಗಾಗಿ ಹೇಳುತ್ತೇನೆ: ನಮ್ಮೂರ ದೋಸೆ ಹೋಟೆಲಿನಲ್ಲಿ ಕೂತರೆ 'ಬೆಣ್ಣೆನೋ, ಖಾಲಿನೋ, ಓಪನ್ನೋ' ಅಂತ ಕೇಳುತ್ತಾರೆ. ಮೂರನೇ ಮೀನು ತರಲಿಲ್ಲ, ತಂದಿದ್ದರೆ ಓಪನ್ ಆಗಿರುತ್ತಿತ್ತು.

ಕಳೆದ ಸಂಕ್ರಾಂತಿ ರಜೆಯಲ್ಲಿ ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದೆ. ಗಾಜಿನ ತೊಟ್ಟಿಯೊಳಗೆ ಕಾಡು. ಹಸಿರು ಎಲೆಗಳ ನಡುವೆ ನೀಲಿ ಕೆಂಪು ಗೆರೆಯ ಪುಟ್ಟ ಮೀನುಗಳು, ನಿಯಾನ್ ಟೆಟ್ರಾ ಅಂತೆ, ಅಮೆಜಾನ್ ಸೀಮೆಯವು, ಗುಂಪಾಗಿ ತಿರುಗುತ್ತಿದ್ದವು. ತಲೆಯೆತ್ತಿ ನಮ್ಮ ತೊಟ್ಟಿ ನೋಡಿದೆ. ಪ್ಲಾಸ್ಟಿಕ್ ಗಿಡದ ಪಕ್ಕ ಬೆಣ್ಣೆ ನಿಂತು ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಇಷ್ಟು ವರ್ಷ ಏನು ಮಾಡುತ್ತಿದ್ದೆವು ನಾವು ಅನಿಸಿತು.

ಮೊದಲು ಸುಲಭದ ದಾರಿ ಹಿಡಿದೆ: ಮೀನೂ ಇರಲಿ, ಗಿಡವೂ ಇರಲಿ. ಆರುನೂರು ರೂಪಾಯಿಯ ಗಿಡ ತಂದು ಸಂಜೆ ನೆಟ್ಟೆ. ಬೆಳಗ್ಗೆ ಎದ್ದು ನೋಡಿದರೆ ಕೋಸಂಬರಿ. ಎಳೆ ಎಲೆಗಳೆಲ್ಲ ಹೊಟ್ಟೆಗೆ, ಮಿಕ್ಕ ಬೇರು ಕಾಂಡ ನೀರ ಮೇಲೆ. ಗೋಲ್ಡ್‌ಫಿಶ್ ಎಂದರೆ ಕಾರ್ಪ್ ಮೀನಿನ ಸಂಬಂಧಿ. ತಳ ಕೆದಕುವುದು, ಸಿಕ್ಕಿದ್ದನ್ನು ತಿನ್ನುವುದು, ತಿಂದದ್ದನ್ನು ಬೇಗ ಹೊರಗೆ ಹಾಕುವುದು, ಇಷ್ಟೇ ಅದರ ದಿನಚರಿ. ಅದಕ್ಕೆ ಜಠರವೇ ಇಲ್ಲವಂತೆ. ಜೊತೆಗೆ ಅದು ತಣ್ಣೀರಿನ ಮೀನು, 20 ಡಿಗ್ರಿ ಆಸುಪಾಸು ಹಿತ. ನಾನು ತರಬೇಕೆಂದಿದ್ದವಕ್ಕೆ 25ರ ಆಸುಪಾಸು ಬೇಕು. ಒಂದೇ ಮನೆಯಲ್ಲಿ ಇಬ್ಬರಿಗೂ ಆಗಿಬರುವುದಿಲ್ಲ, ಒಬ್ಬರು ಬೇರೆ ಹೋಗಬೇಕು.

ಪಕ್ಕದ ಮನೆಯವರು 'ಕುಂದವಾಡ ಕೆರೆಗೆ ಬಿಟ್ಟು ಬರ್ರಿ, ಪುಣ್ಯ ಬರ್ತೈತಿ' ಅಂದರು. ಕೆರೆಗೆ ಬಿಟ್ಟರೆ ಅಲ್ಲೂ ಇದೇ ಕೆದಕಾಟ, ಊರವಲ್ಲದ ಮೀನನ್ನು ಕೆರೆಗೆ ಸೇರಿಸಬಾರದು ಅಂತ ನಾನು ಹೊಸದಾಗಿ ಕಲಿತಿದ್ದೆಲ್ಲ ಒದರಿದೆ. ಕೊನೆಗೆ ಅವ್ವ ಬಗೆಹರಿಸಿದಳು. ಹಿತ್ತಲಲ್ಲಿ ನುಗ್ಗೆ ಮರದ ಕೆಳಗೆ, ಊರ ಮನೆಯಲ್ಲಿ ದನಗಳಿದ್ದ ಕಾಲದ ಕಲಗಚ್ಚಿನ ಕಲ್ಲು ಬಾನಿ ಇತ್ತು. ನಮ್ಮ ತೊಟ್ಟಿಯ ಮೂರರಷ್ಟು ನೀರು ಹಿಡಿಯುತ್ತದೆ. 'ಅದರಾಗ ಬಿಡು. ಮ್ಯಾಲೆ ಬಲೆ ಕಟ್ಟು, ಬೆಕ್ಕು ಅದಾವ' ಅಂದಳು. ಮಗಳು ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ಹದಿಮೂರರ ಹುಡುಗಿ, ಹೇಗಿದ್ದರೂ ಹೆಚ್ಚು ಮಾತಾಡುವುದಿಲ್ಲ, ಆದರೆ ಈ ಸಲದ್ದು ಬೇರೆ ಅಂತ ಗೊತ್ತಾಗುತ್ತಿತ್ತು.

ತೊಟ್ಟಿ ಬರಿದು ಮಾಡಬೇಕಿತ್ತು. ಪೈಪಿನ ಒಂದು ತುದಿ ನೀರಿಗೆ, ಇನ್ನೊಂದು ಬಾಯಿಗೆ, ಎಳೆದು ಬಕೆಟ್ಟಿಗೆ ಬಿಟ್ಟರೆ ನೀರು ತಾನೇ ಇಳಿಯುತ್ತದೆ. ಎಷ್ಟು ಎಳೆಯಬೇಕು ಎಂಬುದು ಕಲೆ. ನಾನು ಎಳೆಯುತ್ತಿರುವಾಗಲೇ ನನ್ನಾಕೆ ಅಡುಗೆಮನೆಯಿಂದ 'ರೀ, ಸಿಲಿಂಡರ್ ಬುಕ್ ಮಾಡಿದ್ರಾ?' ಅಂದಳು. ಉತ್ತರ ಕೊಡಲು ಹೋದೆ. ಎಂಟು ವರ್ಷದ ಮೀನಿನ ನೀರು ಹೇಗಿರುತ್ತದೆ ಎಂದು ಇಲ್ಲಿ ಬರೆಯುವುದಿಲ್ಲ. ಅಂದು ಮಧ್ಯಾಹ್ನ ಮಂಡಕ್ಕಿ ಮಿರ್ಚಿ ಮುಂದಿಟ್ಟರೂ ಬೇಡ ಅಂದೆ ಎಂದರೆ ನಮ್ಮೂರಿನವರಿಗೆ ಅರ್ಥವಾಗುತ್ತದೆ.

ಆಮೇಲೆ ತೊಳೆದೆ. ತಳದ ಸಣ್ಣ ಕಲ್ಲುಗಳನ್ನು ನಲ್ಲಿ ನೀರು ಬಂದ ದಿನ ಏಳು ಸಲ ತೊಳೆದು, ಮಾಳಿಗೆಯ ಮೇಲೆ ಅವ್ವನ ಸಂಡಿಗೆ ಹಾಳೆ ಹಾಸಿ ಎರಡು ದಿನ ಬಿಸಿಲಿಗಿಟ್ಟೆ. ಫಿಲ್ಟರಿನ ಕಪ್ಪು ಸ್ಪಂಜನ್ನು ಹಿಂಡಿ ಹಿಂಡಿ, ಅದರ ಕೊಳೆಗೆ ಅಸಹ್ಯಪಟ್ಟು, ಕಸದ ಬುಟ್ಟಿಗೆ ಎಸೆದು ಹೊಸದು ತಂದೆ. ಆ ಕೊಳೆಯನ್ನು ಮುಂದೆ ಭಿಕ್ಷೆ ಬೇಡುತ್ತೇನೆ ಅಂತ ಆಗ ಯಾರಾದರೂ ಹೇಳಿದ್ದರೆ ನಗುತ್ತಿದ್ದೆ.

ಗಿಡಕ್ಕೆ ಕಲ್ಲಿನ ಕೆಳಗೆ ಒಂದಿಂಚು ಮಣ್ಣು ಹಾಕಬೇಕಂತೆ. ಅಂಗಡಿಯಲ್ಲಿ ಮಾರುವ ಮಣ್ಣಿನ ಚೀಲದ ಬೆಲೆ ಕೇಳಿ ಎದ್ದು ಬಂದೆ. ರೈತನ ಮಗ, ಮಣ್ಣು ಕೊಳ್ಳುವುದೇ? ಹೊಲದಿಂದ ಎರೆ ಮಣ್ಣು ತಂದೆ. ನನ್ನ ಲೆಕ್ಕ ಸರಳವಾಗಿತ್ತು: ಈ ಮಣ್ಣು ಹತ್ತಿ ಬೆಳೆಯಿತು, ಹತ್ತಿಯಿಂದ ಗಿರಣಿಗಳು ಬಂದವು, ಗಿರಣಿಗಳಿಂದ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು ಬಂತು. ಇಷ್ಟು ಮಾಡಿದ ಮಣ್ಣು ನಾಲ್ಕು ನೀರುಗಿಡ ಬೆಳೆಸಲಾರದೇ?

ಬೆಳೆಸುತ್ತಿತ್ತೇನೋ, ಅವು ಕಾಣಿಸಿದ್ದರೆ. ಬಕೆಟ್ ಎತ್ತಿ ಸುರಿದೆ ನೋಡಿ, ತೊಟ್ಟಿ ತುಂಬ ಕಪ್ಪು ಕಾಫಿ. ನಾಳೆ ತಿಳಿಯಾಗುತ್ತದೆ ಅಂದೆ. ನಾಡಿದ್ದು ಅಂದೆ. ಎರೆ ಮಣ್ಣಿನ ಕಣ ಅದೆಷ್ಟು ಸಣ್ಣದೆಂದರೆ ತಳಕ್ಕೆ ಇಳಿಯುವ ಅವಸರವೇ ಅದಕ್ಕಿಲ್ಲ. ನೀರು ಕುಡಿದು ಉಬ್ಬುವುದು ಅದರ ಗುಣ. ಉಬ್ಬಿತು, ಮೇಲಿನ ಕಲ್ಲನ್ನೂ ಎತ್ತಿತು. ಐದನೇ ದಿನ ಚಿಪ್ಪಿನಲ್ಲಿ ತೋಡಿ ತೋಡಿ ಹಿತ್ತಲಿಗೆ ಹಾಕಿದೆ. ಅಲ್ಲಿ ಈಗ ಹೀರೆ ಬಳ್ಳಿ ಸೊಗಸಾಗಿ ಬಂದಿದೆ. ತೊಟ್ಟಿಗೆ ಬರೀ ಮರಳು, ಕಲ್ಲು ಹಾಕಿದೆ.

ಗಿಡಗಳದ್ದೂ ಒಂದು ಕತೆ, ಬೇಗ ಮುಗಿಸುತ್ತೇನೆ. ಕ್ರಿಪ್ಟೋಕೊರಿನ್ ಎಂಬುದು ಜಾಗ ಬದಲಾದ ಬೇಸರಕ್ಕೆ ಎಲೆಯನ್ನೆಲ್ಲ ಕರಗಿಸಿಕೊಂಡಿತು, ಸತ್ತಿತೆಂದು ಕಿತ್ತೆಸೆದೆ. ಬೇರು ಬಿಟ್ಟಿದ್ದರೆ ಮತ್ತೆ ಚಿಗುರುತ್ತಿತ್ತಂತೆ. ಅನುಬಿಯಾಸ್‌ನ ಗೆಡ್ಡೆಯನ್ನು ಹೂಳಬಾರದು, ಹೂತೆ, ಕೊಳೆಯಿತು. ಬಸವನ ಹುಳುಗಳನ್ನು ನಾನು ತಂದಿರಲಿಲ್ಲ, ಎಲೆಗಂಟಿಕೊಂಡು ತಾವೇ ಬಂದವು. ಅವಕ್ಕೆ ಮಾತ್ರ ನನ್ನ ಯಾವ ತಪ್ಪೂ ತಗಲಲಿಲ್ಲ.

ಆದರೆ ಇಂಗಾಲದ ಡೈಆಕ್ಸೈಡ್ ವಿಷಯ ಹೇಳಲೇಬೇಕು. ಗಿಡ ಸೊಂಪಾಗಲು ಆ ಗ್ಯಾಸ್ ಬೇಕು. ಬಡವರ ಉಪಾಯವೆಂದರೆ ಬಾಟಲಿಯಲ್ಲಿ ಸಕ್ಕರೆ ನೀರು, ಚಿಟಿಕೆ ಯೀಸ್ಟ್, ಮುಚ್ಚಳಕ್ಕೆ ತೂತು ಮಾಡಿ ಅಲ್ಲಿಂದ ತೊಟ್ಟಿಗೆ ಒಂದು ಸಣ್ಣ ಪೈಪು. ಚಿಟಿಕೆ ಎಂದರೆ ಎಷ್ಟು ಅಂತ ಮೀಮಾಂಸೆ ಮಾಡಿ ಎರಡು ಚಮಚ ಹಾಕಿದೆ. ರಾತ್ರಿ ಎರಡಕ್ಕೆ ಬಾಟಲಿ ನೊರೆಯುಕ್ಕಿ, ಪೈಪಿನಲ್ಲಿ ಹರಿದು, ತೊಟ್ಟಿಗೂ ಟೀವಿ ಸ್ಟ್ಯಾಂಡಿಗೂ ಸಮನಾಗಿ ಹಂಚಿಕೆಯಾಯಿತು. ಬೆಳಗ್ಗೆ ಹಾಲ್ ತುಂಬ ಹೆಂಡದಂಗಡಿಯ ವಾಸನೆ. ಹರಿಹರದಿಂದ ಮಾವನವರು ಬರುವುದು ವರ್ಷಕ್ಕೆ ನಾಲ್ಕು ಸಲ, ಅದರಲ್ಲೊಂದು ಸಲ ಅಂದೇ. ವಿಭೂತಿ ಹಚ್ಚಿದ ಹಣೆ, ಬಿಳಿ ಪಂಚೆ, ಬಾಗಿಲಲ್ಲೇ ನಿಂತು ಮೂಗು ಮೇಲೆತ್ತಿದರು. ಒಳಗೆ ಬಂದು ಕೂತರು. ಬಹಳ ಹೊತ್ತಾದ ಮೇಲೆ ಮೆಲ್ಲಗೆ, 'ಅಳಿಯಂದ್ರೇ, ಆಫೀಸಿನ್ಯಾಗ ಏನಾರ ತ್ರಾಸ ಐತೇನು?' ಅಂದರು.

'ಇಲ್ಲ ಮಾವ, ಇದು ಗಿಡಕ್ಕೆ.'

'ಗಿಡಕ್ಕ?'

'ಹೂಂ, ಸಕ್ಕರೆ ಕೊಳೆತು ಗ್ಯಾಸ್ ಬರುತ್ತೆ, ಅದನ್ನ ಗಿಡ...'

ಅವರು ಮಗಳ ಕಡೆ ನೋಡಿದರು. ನನ್ನಾಕೆ ಟೀ ಸೋಸುತ್ತಿದ್ದಳು, ತಲೆಯೆತ್ತಲಿಲ್ಲ. ಒಂದು ಮಾತು ಆಡಿದ್ದರೆ ಏನಾಗುತ್ತಿತ್ತು? ನಮ್ಮ ಅಳಿಯ ಗಿಡಕ್ಕೆ ಕುಡಿಸುತ್ತಾನೆ ಎಂಬ ಸುದ್ದಿ ಈಗ ಹರಿಹರದ ಬೀಗರಿಗೆಲ್ಲ ಗೊತ್ತು.

ನೀರು ಬದಲಿಸಿ, ನಲ್ಲಿ ನೀರನ್ನು ಕ್ಲೋರಿನ್ ಹೋಗಲೆಂದು ದಿನವಿಡೀ ಬಕೆಟ್ಟಿನಲ್ಲಿಟ್ಟು, ಫಳಫಳ ಹೊಳೆಯುವ ತೊಟ್ಟಿಗೆ ಹತ್ತು ನಿಯಾನ್ ಟೆಟ್ರಾ ಬಿಟ್ಟೆ. ಮೂರನೇ ದಿನ ಏಳು. ಐದನೇ ದಿನ ನಾಲ್ಕು. ಮಗಳು ಟೆಸ್ಟ್ ಕಿಟ್ ತಂದು ನಳಿಕೆಯಲ್ಲಿ ಹನಿ ಹಾಕಿದಳು. ಹಳದಿ ಇರಬೇಕಾದದ್ದು ಹಸಿರಾಯಿತು. ಅಮೋನಿಯಾ. ಮೀನು ಬಿಡುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೇಟ್ ಮಾಡುತ್ತದೆ, ಅದನ್ನು ಗಿಡ ಉಣ್ಣುತ್ತದೆ. ಈ ಬ್ಯಾಕ್ಟೀರಿಯಾ ಇರುವುದು ಕಲ್ಲಿನ ಮೇಲಿನ ಲೋಳೆಯಲ್ಲಿ, ಸ್ಪಂಜಿನ ಕಪ್ಪು ಕೊಳೆಯಲ್ಲಿ. ಹೊಸದಾಗಿ ಹುಟ್ಟಿ ಬೆಳೆಯಲು ನಾಲ್ಕರಿಂದ ಆರು ವಾರ. ಮಗಳು ಇದನ್ನು ಓದಿ ಹೇಳುತ್ತಿದ್ದಾಗ ನನಗೆ ಸಂಡಿಗೆ ಹಾಳೆ ಕಣ್ಮುಂದೆ ಬಂತು.

ಅವಲಕ್ಕಿ ಆರಿಸುತ್ತಿದ್ದ ಅವ್ವ ತಲೆಯೆತ್ತಿದಳು. 'ಅಂದ್ರ ಹೆಪ್ಪು ಅನ್ನು.'

'ಏನು?'

'ಹಾಲು ಕಾಸಿಟ್ರ ತಾನೇ ಮೊಸರಾಗ್ತೈತೇನು? ಹಳೇ ಮೊಸರು ಒಂದು ಚಮಚ ಬೇಕು. ನೀನು ಹೆಪ್ಪಿನ ಪಾತ್ರೆ ತಿಕ್ಕಿ ತೊಳದು ಬಿಸಿಲಿಗಿಟ್ಟೀಯ.' ಮತ್ತೆ ಅವಲಕ್ಕಿಗೆ ತಿರುಗಿ, 'ಹಿತ್ತಲಾಗ ಐತಲ್ಲ ಬೇಕಾದಷ್ಟು' ಅಂದಳು.

ಹೌದಲ್ಲ! ಬಾನಿಯಲ್ಲಿ ಬೆಣ್ಣೆ ಮತ್ತು ಖಾಲಿ ತಿಂಗಳಿನಿಂದ ಹಗಲೂ ರಾತ್ರಿ ಅದೇ ಕೆಲಸ ಮಾಡುತ್ತಿದ್ದವು. ನಾನು ಎಲ್ಲವನ್ನೂ ತೊಳೆದಿದ್ದೆ, ಬಾನಿಯನ್ನು ತೊಳೆದಿರಲಿಲ್ಲ. ತೋಳು ಮಡಚಿ ಕೈಯಿಳಿಸಿದೆ. ಕಲ್ಲುಗಳು ಬೆಂಡೆಕಾಯಿ ಲೋಳೆಯಂತೆ ಜಾರುತ್ತಿದ್ದವು. ಬೆಣ್ಣೆ ಬಂದು ಬೆರಳನ್ನು ಮೂತಿಯಿಂದ ಮುಟ್ಟಿ, ತಿನ್ನುವಂಥದ್ದಲ್ಲ ಅಂತ ಖಾತ್ರಿ ಮಾಡಿಕೊಂಡು ಹೋಯಿತು. ಹಿಂದಿಗಿಂತ ದಪ್ಪಗಾಗಿತ್ತು. 56 ಲೀಟರಿನಲ್ಲಿ ಎರಡು ಗೋಲ್ಡ್‌ಫಿಶ್ ಸಾಕಿದ್ದೇ ನಮ್ಮ ತಪ್ಪು ಅಂತ ಓದಿದ್ದೆ, ಆದರೆ ಯಾರಿಗೂ ಹೇಳಿರಲಿಲ್ಲ. ಆ ಕಲ್ಲುಗಳನ್ನು ಹಳೇ ಬನಿಯನ್ ತುಂಡಿನಲ್ಲಿ ಗಂಟು ಕಟ್ಟಿ ಫಿಲ್ಟರಿನ ಪಕ್ಕ ಇಳಿಬಿಟ್ಟೆ. ದಿನ ಬಿಟ್ಟು ದಿನ ಒಂದಿಷ್ಟು ನೀರು ಬದಲಿಸಿದೆ. ಎರಡು ವಾರದಲ್ಲಿ ನಳಿಕೆ ಹಳದಿಯಾಯಿತು. ನಾಲ್ಕು ಟೆಟ್ರಾ ಉಳಿದವು. ಮತ್ತೆ ಆರು ತಂದೆ.

ಜನವರಿಯ ಚಳಿಗೆ ಅಂತ ಕೊಂಡ ಹೀಟರ್ ಏಪ್ರಿಲ್‌ನಲ್ಲಿ ಅಟ್ಟ ಸೇರಿತು. ದಾವಣಗೆರೆಯ ಬೇಸಿಗೆಯಲ್ಲಿ ನೀರು ಬಿಸಿ ಮಾಡಲು ದುಡ್ಡು ಕೊಟ್ಟವನು ನಾನೊಬ್ಬನೇ ಇರಬೇಕು. ಈಗ ಹಾಲಿನ ಟೇಬಲ್ ಫ್ಯಾನು ತೊಟ್ಟಿಯ ಕಡೆ ತಿರುಗಿದೆ. ನನ್ನಾಕೆ ಊಟಕ್ಕೆ ಕೂರುವಾಗ ಅದನ್ನು ತನ್ನ ಕಡೆ ತಿರುಗಿಸಿಕೊಳ್ಳುತ್ತಾಳೆ, ಎದ್ದ ಮೇಲೆ ನಾನು ಮತ್ತೆ ಮೀನಿನ ಕಡೆ.

ಗಿಡ ಮಾತ್ರ ಬಂದಿದೆ, ಸುಳ್ಳು ಹೇಳಬಾರದು. ವ್ಯಾಲಿಸ್ನೇರಿಯಾ ನೀರಿನ ಮೇಲ್ಮೈ ಮುಟ್ಟಿ ಬಾಗಿದೆ. ಹೋದ ಭಾನುವಾರ ನನ್ನ ತಂಗಿ, ಅವಳ ಗಂಡ, ಮಗ ಬಂದಿದ್ದರು. ಕರ್ಟನ್ ಎಳೆದು, ಲೈಟ್ ಹಾಕಿ, ಅಮೆಜಾನ್ ನದಿಯಿಂದ ಶುರು ಮಾಡಿದೆ. ಭಾವ ಎರಡು ನಿಮಿಷ ಕೇಳಿ ಮೊಬೈಲ್ ತೆಗೆದರು. ಹುಡುಗ ತೊಟ್ಟಿಗೆ ಮೂಗು ಒತ್ತಿ ಆಚೀಚೆ ಹುಡುಕಿದ.

'ಮಾಮಾ, ಬೆಣ್ಣೆ ಎಲ್ಲಿ?'

ಉತ್ತರಕ್ಕೆ ಕಾಯಲಿಲ್ಲ. ಹಿತ್ತಲ ಬಾಗಿಲು ಬಡಿಯಿತು, ಅವನ ಹಿಂದೆ ತಂಗಿ, ತಂಗಿಯ ಹಿಂದೆ ನನ್ನ ಮಗಳು. ಹೊರಗಿನಿಂದ ಅವ್ವನ ದನಿ ಕೇಳುತ್ತಿತ್ತು: 'ಒಂದೇ ಮಂಡಕ್ಕಿ ಹಾಕಬೇಕು, ತಿಳೀತಾ? ಖಾಲಿಗೊಂದು, ಬೆಣ್ಣಿಗೊಂದು. ಬೆಣ್ಣಿ ಎರಡೂ ತಿಂತೈತಿ, ನೋಡ್ಕೊಂಡು ಹಾಕು.'

ಸ್ವಲ್ಪ ಹೊತ್ತು ಟೆಟ್ರಾ ಎಣಿಸಿದೆ. ಒಂಬತ್ತು ಸಿಕ್ಕವು, ಹತ್ತನೆಯದು ಎಲೆ ಹಿಂದೆ ಎಲ್ಲೋ. ಲೈಟ್ ಆರಿಸಿ, ಫ್ಯಾನು ಹಾಗೇ ಬಿಟ್ಟು, ಅಡುಗೆಮನೆಯ ಡಬ್ಬಿಯಿಂದ ಒಂದು ಹಿಡಿ ಮಂಡಕ್ಕಿ ತೆಗೆದುಕೊಂಡು ನಾನೂ ಹಿತ್ತಲಿಗೆ ಹೋದೆ.