ತೆರೆಯ ಮೇಲೆ ಚಿತ್ರ ಬಿಡಿಸುತ್ತಿರುವವರು ಯಾರು?

ಕಳೆದ ತಿಂಗಳು ಅಕ್ಕನ ಮಗಳು ತನ್ನ ಲ್ಯಾಪ್‌ಟಾಪನ್ನು ತಂದು ನನ್ನ ಮೇಜಿನ ಮೇಲಿಟ್ಟು, "ಮಾವ, ಇದಕ್ಕೆ ವಯಸ್ಸಾಯ್ತಂತೆ, ಹೊಸದು ತಗೊಳ್ಳಿ ಅಂತ ಅಂಗಡಿಯವರು ಹೇಳಿದ್ರು" ಎಂದಳು. ಪಾಠದ ವಿಡಿಯೊ ಹಾಕಿದರೆ ಫ್ಯಾನು ಅರಚುತ್ತಿತ್ತು, ವಿಂಡೋವನ್ನು ಮೌಸ್‌ನಲ್ಲಿ ಎಳೆದರೆ ಅದು ತಡವರಿಸಿಕೊಂಡು ಹಿಂದೆ ಬರುತ್ತಿತ್ತು. ಅದರಲ್ಲಿರುವುದು ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂ. ಟರ್ಮಿನಲ್ ತೆರೆದು, ತೆರೆಯ ಚಿತ್ರವನ್ನು ಬಿಡಿಸುತ್ತಿರುವವರು ಯಾರೆಂದು ತಿಳಿಸುವ ಜಿಎಲ್‌ಎಕ್ಸ್‌ಇನ್ಫೊ ಎಂಬ ಕಮಾಂಡ್ ಕೊಟ್ಟೆ. 'ರೆಂಡರರ್' (ಚಿತ್ರ ಬಿಡಿಸುವವ) ಎಂಬ ಸಾಲಿನಲ್ಲಿ ಇಂಟೆಲ್ ಚಿಪ್‌ನ ಹೆಸರಿರಬೇಕಾದ ಜಾಗದಲ್ಲಿ 'ಎಲ್‌ಎಲ್‌ವಿಎಂಪೈಪ್' ಎಂದಿತ್ತು. ರೋಗ ಅಲ್ಲೇ ಗೊತ್ತಾಯಿತು. ಅದು ಯಾವ ಚಿಪ್‌ನ ಹೆಸರೂ ಅಲ್ಲ. ಗ್ರಾಫಿಕ್ಸ್ ಚಿಪ್ ಮಾಡಬೇಕಾದ ಕೆಲಸವನ್ನು ಸಿಪಿಯು ಮೇಲೆ ಹೊರಿಸಿ ನಡೆಸುವ ತಂತ್ರಾಂಶದ ಹೆಸರು.

ಆ ಹೊರೆ ಎಷ್ಟೆಂದು ಲೆಕ್ಕ ಹಾಕುವುದು ಕಷ್ಟವಲ್ಲ. 1920 ಅಡ್ಡ, 1080 ಉದ್ದದ ತೆರೆಯಲ್ಲಿ 20,73,600 ಚುಕ್ಕೆಗಳಿವೆ. ಸೆಕೆಂಡಿಗೆ 60 ಸಲ ಇಡೀ ತೆರೆಯನ್ನು ಹೊಸದಾಗಿ ಬರೆಯಬೇಕಾದರೆ 12 ಕೋಟಿ 44 ಲಕ್ಷಕ್ಕೂ ಹೆಚ್ಚು ಚುಕ್ಕೆಗಳ ಬಣ್ಣವನ್ನು ನಿರ್ಧರಿಸಬೇಕಾಗುತ್ತದೆ. ವಿಂಡೋದ ನೆರಳು, ಪಾರದರ್ಶಕ ಅಂಚು ಮುಂತಾದವು ಸೇರಿದರೆ ಒಂದೇ ಚುಕ್ಕೆಯನ್ನು ಎರಡು ಮೂರು ಸಲ ಮುಟ್ಟಬೇಕು. ನೂರಾರು ಸಣ್ಣ ಗಣಕ ಘಟಕಗಳನ್ನು ಒಟ್ಟಿಗೆ ಓಡಿಸುವ ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್, ಹುಟ್ಟಿರುವುದೇ ಇದಕ್ಕಾಗಿ. ನಾಲ್ಕು ಕೋರ್‌ಗಳ ಸಿಪಿಯು ಕೂಡ ಇದನ್ನು ಮಾಡಿ ಮುಗಿಸುತ್ತದೆ, ಆದರೆ ಏದುಸಿರು ಬಿಡುತ್ತಾ ಮಾಡುತ್ತದೆ. ನಾವು ಕೇಳಿದ ಫ್ಯಾನಿನ ಸದ್ದು ಆ ಏದುಸಿರೇ ಆಗಿತ್ತು.

ಕಾರಣ ಹುಡುಕಿದಾಗ ತಪ್ಪು ನನ್ನದೇ ಎಂದು ಗೊತ್ತಾಯಿತು. ಎರಡು ವರ್ಷಗಳ ಹಿಂದೆ ಈ ಯಂತ್ರಕ್ಕೆ ಲಿನಕ್ಸ್ ಹಾಕಿಕೊಟ್ಟವನು ನಾನು. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದಾಗ ತೆರೆ ಕಪ್ಪಾದ್ದರಿಂದ, ಯಂತ್ರ ಏಳುವಾಗ ಓದುವ ಬೂಟ್ ಸಾಲಿನಲ್ಲಿ 'ನೋಮೋಡ್‌ಸೆಟ್' ಎಂಬ ಪದ ಸೇರಿಸಿ ಕೆಲಸ ಮುಗಿಸಿದ್ದೆ. ಆ ಪದ ಅಲ್ಲೇ ಉಳಿದುಹೋಗಿತ್ತು. ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ಡ್ರೈವರನ್ನು ಎಬ್ಬಿಸಬೇಡ, ಬಯೋಸ್ ಕೊಟ್ಟ ಚಿತ್ರಪಟದಲ್ಲೇ ಕಾಲ ತಳ್ಳು ಎಂದು ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಹೇಳುವ ಪದ ಅದು. ಅದನ್ನು ಅಳಿಸಿ ರೀಬೂಟ್ ಮಾಡಿದ ಮೇಲೆ ರೆಂಡರರ್ ಸಾಲಿನಲ್ಲಿ 'ಮೆಸಾ ಇಂಟೆಲ್ ಎಚ್‌ಡಿ ಗ್ರಾಫಿಕ್ಸ್ 520' ಎಂದು ಬಂತು. ವಿಂಡೋ ಬೆರಳಿನ ಹಿಂದೆಯೇ ಓಡಿತು.

ಹೀಗೆ ಕೆಲಸವನ್ನು ಸಿಪಿಯು ಬದಲು ಗ್ರಾಫಿಕ್ಸ್ ಚಿಪ್‌ಗೆ ಒಪ್ಪಿಸುವ ಹಾರ್ಡ್‌ವೇರ್ ಆಕ್ಸಿಲರೇಷನ್ ಎಂದರೆ ಒತ್ತಿದರೆ ಹತ್ತುವ ಒಂದು ಸ್ವಿಚ್ಚು ಎಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ವಾಸ್ತವದಲ್ಲಿ ಅದು ಕೈಯಿಂದ ಕೈಗೆ ದಾಟುವ ಕೆಲಸ. ಬ್ರೌಸರ್ ಅಥವಾ ಆಟ, ಓಪನ್‌ಜಿಎಲ್ ಅಥವಾ ವಲ್ಕನ್ ಎಂಬ ಸಾಮಾನ್ಯ ಭಾಷೆಯಲ್ಲಿ ತನಗೆ ಬೇಕಾದ್ದನ್ನು ಹೇಳುತ್ತದೆ. ಮೆಸಾ ಎಂಬ ಮುಕ್ತ ತಂತ್ರಾಂಶ ಆ ಮಾತನ್ನು ನಿರ್ದಿಷ್ಟ ಚಿಪ್‌ಗೆ ಅರ್ಥವಾಗುವ ಆಜ್ಞೆಗಳಾಗಿ ಬದಲಿಸುತ್ತದೆ. ಕರ್ನಲ್‌ನ ಡಿಆರ್‌ಎಂ (ಡೈರೆಕ್ಟ್ ರೆಂಡರಿಂಗ್ ಮ್ಯಾನೇಜರ್) ಭಾಗವು ಆ ಆಜ್ಞೆಗಳನ್ನು ಚಿಪ್‌ಗೆ ತಲುಪಿಸಿ ಮೆಮೊರಿಯ ಲೆಕ್ಕ ಇಟ್ಟುಕೊಳ್ಳುತ್ತದೆ. ಸಿದ್ಧವಾದ ಚಿತ್ರವನ್ನು, ವಿಂಡೋಗಳನ್ನು ತೆರೆಗೆ ತರುವ ವೇಲ್ಯಾಂಡ್ ವ್ಯವಸ್ಥೆಯಲ್ಲಿ ನಕಲು ಮಾಡದೆ, ಕೇವಲ ಅದರ ಹಿಡಿಕೆಯನ್ನು (ಮೆಮೊರಿಯಲ್ಲಿ ಅದನ್ನು ತೋರಿಸುವ ಗುರುತನ್ನು) ಎಲ್ಲ ವಿಂಡೋಗಳನ್ನು ಜೋಡಿಸುವ ಕಾಂಪೊಸಿಟರ್‌ಗೆ ದಾಟಿಸಲಾಗುತ್ತದೆ. ಈ ಕೊಂಡಿಗಳಲ್ಲಿ ಒಂದು ಕಳಚಿದರೂ ಕೆಲಸ ಸಿಪಿಯು ತಲೆಗೆ ಬೀಳುತ್ತದೆ. ಮೆಸಾಕ್ಕೆ ಇದು ಹೊಸ ಗುಣವೇನಲ್ಲ. ಬ್ರಯನ್ ಪಾಲ್ 1993ರಲ್ಲಿ ಅದನ್ನು ಬರೆಯಲು ತೊಡಗಿ 1995ರಲ್ಲಿ ಬಿಡುಗಡೆ ಮಾಡಿದಾಗ ಅದು ಸಂಪೂರ್ಣವಾಗಿ ಸಿಪಿಯು ಮೇಲೆ ಓಡುವ ತಂತ್ರಾಂಶವಾಗಿತ್ತು. ಜಿಪಿಯು ಡ್ರೈವರ್‌ಗಳು ಆಮೇಲೆ ಬಂದು ಸೇರಿಕೊಂಡವು.

ನನ್ನ ತಕರಾರು ಇರುವುದು ಈ ಬದಲಿ ವ್ಯವಸ್ಥೆಯ ಬಗ್ಗೆ ಅಲ್ಲ, ಅದರ ಮೌನದ ಬಗ್ಗೆ. ಡ್ರೈವರ್ ಇಲ್ಲದಿದ್ದರೂ ತೆರೆ ಕಪ್ಪಾಗದಂತೆ ನೋಡಿಕೊಳ್ಳುವುದು ದೊಡ್ಡ ಉಪಕಾರವೇ. ಆದರೆ ಎರಡು ವರ್ಷ ಸಿಪಿಯು ಎರಡಾಳಿನ ಕೆಲಸ ಮಾಡುತ್ತಿದ್ದರೂ ಆ ಯಂತ್ರ ಒಂದು ಎಚ್ಚರಿಕೆಯನ್ನೂ ತೋರಿಸಲಿಲ್ಲ. ಗ್ನೋಮ್ ಎಂಬ ಡೆಸ್ಕ್‌ಟಾಪ್‌ನ ಸೆಟ್ಟಿಂಗ್ಸ್‌ನಲ್ಲಿ 'ಗ್ರಾಫಿಕ್ಸ್' ಎಂಬ ಸಾಲೊಂದಿದೆ ನಿಜ, ಈ ಯಂತ್ರದಲ್ಲಿ ಅಲ್ಲಿ ಎಲ್‌ಎಲ್‌ವಿಎಂಪೈಪ್ ಎಂಬ ಹೆಸರೂ ಕಾಣುತ್ತಿತ್ತು. ಇಂಜಿನಿಯರಿಂಗ್ ಓದುವ ಹುಡುಗಿಗೇ ಅದು ಚಿಪ್‌ನ ಹೆಸರಿನಂತೆ ಕಂಡಿದೆ. ಮಿಕ್ಕವರ ಮಾತು ಹೇಳಬೇಕಾಗಿಲ್ಲ.

ವಿಡಿಯೊ ಕಥೆ ಇನ್ನೂ ಬೇರೆ. ಚಿತ್ರ ಬಿಡಿಸುವ ಘಟಕ ಎಚ್ಚರವಾಗಿದ್ದರೂ ಕುಗ್ಗಿಸಿಟ್ಟ ವಿಡಿಯೊ ಬಿಚ್ಚುವುದು ಚಿಪ್‌ನೊಳಗಿನ ಮತ್ತೊಂದು ಘಟಕದ ಕೆಲಸ, ಅದಕ್ಕೆ ವಿಎ-ಎಪಿಐ ಎಂಬ ಪ್ರತ್ಯೇಕ ದಾರಿಯಿದೆ. ನಮ್ಮ ಲ್ಯಾಪ್‌ಟಾಪಿನ ಚಿಪ್ ಎಚ್.264 ಎಂಬ ವಿಧಾನದಲ್ಲಿ ಕುಗ್ಗಿಸಿದ ವಿಡಿಯೊವನ್ನು ಲೀಲಾಜಾಲವಾಗಿ ಬಿಚ್ಚುತ್ತದೆ, ಎವಿ1 ಎಂಬ ಹೊಸ ವಿಧಾನ ಅದಕ್ಕೆ ತಿಳಿಯದು. ಇಂಟೆಲ್ ಚಿಪ್‌ಗಳಿಗೆ ಎವಿ1 ಬಂದದ್ದು 2020ರ ಟೈಗರ್ ಲೇಕ್ ಪೀಳಿಗೆಯಲ್ಲಿ. ಚಿಪ್‌ಗೆ ತಿಳಿದಿದ್ದರೂ ಸಾಲದು. 2022ರಲ್ಲಿ ಫೆಡೋರಾ ಎಂಬ ಲಿನಕ್ಸ್ ಆವೃತ್ತಿ ಪೇಟೆಂಟ್ ತೊಡಕಿನ ಕಾರಣಕ್ಕೆ ತನ್ನ ಮೆಸಾದಲ್ಲಿ ಎಚ್.264 ಮತ್ತು ಎಚ್.265 ದಾರಿಯನ್ನು ಮುಚ್ಚಿತು. ಬಳಕೆದಾರರು ಹಣ ಕೊಟ್ಟು ಕೊಂಡ ಸಾಮರ್ಥ್ಯವನ್ನು ಆರ್‌ಪಿಎಂ ಫ್ಯೂಷನ್ ಎಂಬ ಹೊರಗಿನ ಭಂಡಾರದಿಂದ ಮತ್ತೆ ತಂದುಕೊಳ್ಳಬೇಕಾಯಿತು. ಫೆಡೋರಾವನ್ನು ನಾನು ದೂರಲಾರೆ, ಆದರೆ ನಷ್ಟ ಬಳಕೆದಾರರದ್ದೇ.

ಗ್ರಾಫಿಕ್ಸ್ ಚಿಪ್ ತಯಾರಿಸುವ ಎನ್‌ವಿಡಿಯಾ ಕಂಪನಿಯ ವಿಷಯ ಎತ್ತದಿದ್ದರೆ ಕಾಮೆಂಟಿನಲ್ಲಿ ಯಾರಾದರೂ ಎತ್ತುತ್ತಾರೆ. 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯಲ್ಲಿ ಲಿನಕ್ಸ್‌ನ ಜನಕ ಲೈನಸ್ ಟೊರ್ವಾಲ್ಡ್ಸ್ ಆ ಕಂಪನಿಗೆ ಮಧ್ಯದ ಬೆರಳು ತೋರಿಸಿದ್ದನ್ನು ಎಲ್ಲರೂ ನೆನೆಯುತ್ತಾರೆ. ಎನ್‌ವಿಡಿಯಾ ಚಿಪ್‌ಗಳಿಗಿರುವ ನೂವೊ ಎಂಬ ಮುಕ್ತ ಡ್ರೈವರ್ ನಿಧಾನವಾದದ್ದೇಕೆ ಎಂಬುದನ್ನು ನೆನೆಯುವವರು ಕಡಿಮೆ. ಅದನ್ನು ಬರೆದವರ ಜಾಣ್ಮೆ ಸಾಲದೆ ಅಲ್ಲ. 2014ರ ನಂತರದ ಅನೇಕ ಕಾರ್ಡ್‌ಗಳಲ್ಲಿ ಕಂಪನಿ ಸಹಿ ಹಾಕಿದ ಫರ್ಮ್‌ವೇರ್ (ಚಿಪ್‌ನೊಳಗೆ ಓಡುವ ತಂತ್ರಾಂಶ) ಇಲ್ಲದೆ ಚಿಪ್‌ನ ವೇಗ ಏರಿಸಲು ಬಿಡುತ್ತಿರಲಿಲ್ಲ. ಮೊದಲನೆಯ ಗೇರ್‌ನಲ್ಲೇ ಲಾರಿ ಓಡಿಸಿ ಎಂದಂತೆ. 2022ರ ಮೇ ತಿಂಗಳಲ್ಲಿ ಕಂಪನಿ ಕರ್ನಲ್ ಭಾಗದ ಮೂಲ ಸಂಕೇತವನ್ನು ತೆರೆದಾಗ ನನಗೂ ಖುಷಿಯಾಯಿತು, ಆದರೆ ಓಪನ್‌ಜಿಎಲ್ ಮತ್ತು ವಲ್ಕನ್ ಇರುವ ಮೇಲಿನ ಪದರ ಮುಚ್ಚಿಯೇ ಉಳಿಯಿತು, ಗುಟ್ಟಿನ ದೊಡ್ಡ ಪಾಲು ಫರ್ಮ್‌ವೇರ್ ಒಳಗೆ ಸೇರಿಕೊಂಡಿತು. ಈಗ ಮೆಸಾದಲ್ಲಿ ಬೆಳೆಯುತ್ತಿರುವ ಎನ್‌ವಿಕೆ ಎಂಬ ಮುಕ್ತ ವಲ್ಕನ್ ಡ್ರೈವರ್ ಬಗ್ಗೆ ನನಗೆ ಹೆಚ್ಚು ಭರವಸೆಯಿದೆ.

ಒಂದು ಮಾತು ಕನ್ನಡದವರಿಗಾಗಿ: ಅಕ್ಷರಕ್ಕೆ ಒತ್ತು, ಗುಣಿತ ಕೂಡಿಸಿ ಸರಿಯಾದ ಆಕಾರ ಆರಿಸುವ ಹಾರ್ಫ್‌ಬಜ್ ಎಂಬ ತಂತ್ರಾಂಶದ ಕೆಲಸ ಇಂದಿಗೂ ಸಿಪಿಯುವಿನದೇ. ಹಾಗಾಗಿ ಒತ್ತಕ್ಷರ ಒಡೆದು ಕಂಡರೆ ಗ್ರಾಫಿಕ್ಸ್ ಡ್ರೈವರನ್ನು ಬದಲಿಸುತ್ತಾ ಕೂರಬೇಡಿ, ಫಾಂಟ್ ನೋಡಿ.

ಅಕ್ಕನ ಮಗಳು ಈಗ ವಿಡಿಯೊ ನೋಡುವಾಗ ಫ್ಯಾನು ಸದ್ದು ಮಾಡಿದರೆ, ಬಂದಿರುವುದು ಎವಿ1 ಇರಬೇಕೆಂದು ತಾನೇ ಪರೀಕ್ಷಿಸಿ ಎಚ್.264ಕ್ಕೆ ಬದಲಿಸಿಕೊಳ್ಳುತ್ತಾಳೆ. ಲ್ಯಾಪ್‌ಟಾಪ್ ಬದಲಿಸುವ ಮಾತು ಸದ್ಯಕ್ಕೆ ನಿಂತಿದೆ. ಬೂಟ್ ಸಾಲಿನಲ್ಲಿ ಆ ಪದ ಬಿಟ್ಟುಹೋದವರು ಯಾರೆಂದು ಅವಳಿಗೆ ನಾನಿನ್ನೂ ಹೇಳಿಲ್ಲ. ಈ ಬರಹ ಓದಿದರೆ ತಿಳಿಯುತ್ತದೆ.